ಸಂಧಾನ ಮುರಿದ ಬಳಿಕ ನ್ಯಾಯದ ದಾರಿ

ಸಾಲಸೋಲ, ಹೊಲದ ಬದು, ಮನೆತನದ ಪಾಲು ಮುಂತಾದ ವಿಷಯಗಳಲ್ಲಿ ವ್ಯಾಜ್ಯ ಹುಟ್ಟಿದಾಗ ನಾಲ್ವರು ಹಿರಿಯರು ಕೂಡಿ ಉಭಯಪಕ್ಷಗಳನ್ನು ಒಂದು ಮಾತಿಗೆ ತರುವ ಪದ್ಧತಿ ನಮ್ಮ ನಾಡಿನಲ್ಲಿ ಬಹು ಪ್ರಾಚೀನವಾದುದು. ಅದರ ಗುಣಗಾನ ಮಾಡಿದ ಬರಹಗಳಿಗೆ ಕೊರತೆಯಿಲ್ಲ. ಆದರೆ ಹಿರಿಯರ ಮಾತು ನಡೆಯದೆ ಸಂಧಾನವು ಮುರಿದು ಬಿದ್ದಾಗ, ನ್ಯಾಯ ಬೇಡಿ ಬಂದವನು ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು, ಹೋಗುವಷ್ಟರಲ್ಲಿ ಅವನ ಹಕ್ಕು ಉಳಿದಿರುತ್ತದೆಯೇ ಎಂಬ ಪ್ರಶ್ನೆಗಳ ಕಡೆಗೆ ಗಮನ ಹರಿಯುವುದು ವಿರಳ. ಸಂಧಾನದ ಯೋಗ್ಯತೆಯನ್ನು ಅದು ಫಲಿಸಿದ ಸಂದರ್ಭಗಳಿಂದ ಅಳೆಯುವುದು ವಾಡಿಕೆ. ಅದು ಫಲಿಸದೆ ಹೋದ ಸಂದರ್ಭಗಳಲ್ಲಿ ಏನಾಯಿತು ಎಂಬುದರಿಂದ ಅಳೆಯುವುದೇ ಹೆಚ್ಚು ಉಚಿತವೆಂಬುದಕ್ಕೆ ದಖ್ಖಣದ ಇತಿಹಾಸವು ಒಳ್ಳೆಯ ಸಾಕ್ಷಿಯನ್ನು ಒದಗಿಸುತ್ತದೆ. ಅದರಲ್ಲಿಯೂ ೧೮೭೯ರ ದಖ್ಖಣ ರೈತರ ಪರಿಹಾರ ಕಾಯಿದೆಯ ಕಥೆಯು ಈ ದೃಷ್ಟಿಯಿಂದ ಮನನೀಯವಾಗಿದೆ.

ಮಿತಾಕ್ಷರೆಯ ಸೋಪಾನಕ್ರಮ

ಈ ಪ್ರಶ್ನೆಗೆ ಕನ್ನಡ ನೆಲದಲ್ಲಿಯೇ ದೊರೆತ ಶಾಸ್ತ್ರೋಕ್ತವಾದ ಉತ್ತರವೊಂದಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಮುಂದೆ ಶರಣರು ನೆರೆದುದೂ ಅದೇ ಕಲ್ಯಾಣದಲ್ಲಿ. ವ್ಯವಹಾರವನ್ನು, ಎಂದರೆ ದಾವೆಯನ್ನು, ವಿಚಾರಿಸತಕ್ಕ ಸಭೆಗಳನ್ನು ಆ ಗ್ರಂಥವು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸುತ್ತದೆ. ನಂಟರಿಷ್ಟರ ಗುಂಪು ಕುಲ. ಒಂದೇ ಕಸುಬಿನಿಂದ ಜೀವಿಸುವವರ ಸಂಘ ಶ್ರೇಣಿ. ಜಾತಿ ಕಸುಬುಗಳು ಬೇರೆಯಾಗಿದ್ದರೂ ಒಂದೇ ಊರಿನಲ್ಲಿ ನೆಲಸಿದವರ ಸಮೂಹ ಪೂಗ. ಇವೆಲ್ಲಕ್ಕೂ ಮೇಲೆ ರಾಜನು ನೇಮಿಸಿದ ಅಧಿಕಾರಿಗಳ ಸಭೆ. ಕುಲದಲ್ಲಿ ಇತ್ಯರ್ಥವಾದುದನ್ನು ಒಪ್ಪದವನು ಶ್ರೇಣಿಗೆ, ಅಲ್ಲಿಂದ ಪೂಗಕ್ಕೆ, ಅಲ್ಲಿಂದ ರಾಜಸಭೆಗೆ ಏರಬಹುದು. ಆದರೆ ಮೇಲಿನ ಸಭೆಯಲ್ಲಿ ತೀರಿದುದನ್ನು ಕೆಳಗಿನ ಸಭೆಯು ಮತ್ತೆ ಎತ್ತಿಕೊಳ್ಳುವಂತಿಲ್ಲ.

ಇದಕ್ಕೆ ಸೇರಿದ ಮತ್ತೊಂದು ವಿಧಿಯೂ ಸ್ಮೃತಿಯಲ್ಲಿದೆ. ಬಲಾತ್ಕಾರದಿಂದಲೋ ವಂಚನೆಯಿಂದಲೋ ನಡೆದ ತೀರ್ಮಾನಗಳನ್ನು ರದ್ದುಪಡಿಸಬೇಕು. ರಾತ್ರಿಯ ವೇಳೆಯಲ್ಲಿ, ಮನೆಯ ಒಳಗೆ, ಊರ ಹೊರಗೆ ಅಥವಾ ಹಗೆಗಳಿಂದ ನಡೆದುದೂ ನಿಲ್ಲತಕ್ಕದ್ದಲ್ಲ. ಈ ಎರಡು ವಿಧಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಶಾಸ್ತ್ರಕಾರರ ಅಭಿಪ್ರಾಯವು ಸ್ಪಷ್ಟವಾಗುತ್ತದೆ. ಊರೊಳಗಿನ ಇತ್ಯರ್ಥಕ್ಕೆ ಗೌರವವಿರಬೇಕು, ಅದನ್ನು ಮೀರಿ ಮೇಲೇರುವ ದಾರಿಯೂ ತೆರೆದಿರಬೇಕು, ಒಪ್ಪಿಗೆಯು ಹೇಗೆ ಬಂದಿತೆಂಬುದನ್ನು ನೋಡುವ ಕಣ್ಣೂ ಇರಬೇಕು. ಮುಂದಿನ ಶತಮಾನಗಳಲ್ಲಿ ಈ ಮೂರರಲ್ಲಿ ಯಾವುದು ತಪ್ಪಿದರೂ ಅದರ ಭಾರವು ಬಡವನ ಮೇಲೆಯೇ ಬಿದ್ದಿತು.

ಮರಾಠರ ಪಂಚಾಯಿತಿ, ಇಂಗ್ಲಿಷರ ನ್ಯಾಯಾಲಯ

೧೮೧೮ರಲ್ಲಿ ಪೇಶ್ವೆಯ ಆಳಿಕೆಯು ಮುಗಿದು ದಖ್ಖಣವು ಇಂಗ್ಲಿಷರ ಕೈಸೇರಿತು. ಧಾರವಾಡ ಸೀಮೆಯೂ ಅದರಲ್ಲಿ ಸೇರಿತ್ತು. ಹೊಸ ಪ್ರಾಂತದ ಕಮಿಷನರನಾಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ನನು ೧೮೧೯ರಲ್ಲಿ ಸಲ್ಲಿಸಿದ ವರದಿಯಲ್ಲಿ ಪಂಚಾಯಿತಿಯ ಗುಣದೋಷಗಳೆರಡನ್ನೂ ನಿಷ್ಪಕ್ಷಪಾತವಾಗಿ ವಿವರಿಸಿದ್ದಾನೆ. ಪಂಚರ ತೀರ್ಪಿಗೆ ಬದ್ಧರಾಗುವೆವೆಂದು ಉಭಯತರೂ ಮೊದಲೇ ಒಂದು ಪತ್ರವನ್ನು ಬರೆದುಕೊಡುತ್ತಿದ್ದರು. ಅದಕ್ಕೆ ರಾಜೀನಾಮೆ ಎಂದು ಹೆಸರು. ಇಂದು ಹುದ್ದೆ ಬಿಡುವ ಪತ್ರಕ್ಕೆ ಸಲ್ಲುವ ಈ ಮಾತು ಅಂದು ರಾಜಿಗೆ ಒಪ್ಪಿದ ಪತ್ರವೆಂಬ ನೇರವಾದ ಅರ್ಥದಲ್ಲಿ ಬಳಕೆಯಲ್ಲಿತ್ತು. ಪಂಚರು ಊರವರಾದುದರಿಂದ ಸಂಗತಿಯ ಒಳಹೊರಗನ್ನು ಅವರು ಬಲ್ಲವರಾಗಿದ್ದರು. ಆಡುಭಾಷೆಯಲ್ಲಿಯೇ ವಿಚಾರಣೆ ನಡೆಯುತ್ತಿತ್ತು. ಇವು ಅದರ ಗುಣಗಳು.

ದೋಷಗಳೂ ಅಷ್ಟೇ ಸ್ಪಷ್ಟವಾಗಿದ್ದವು. ಬಾರದ ಪ್ರತಿವಾದಿಯನ್ನು ಕರೆತರುವ ಅಧಿಕಾರವು ಪಂಚರಿಗಿರಲಿಲ್ಲ. ಪಂಚರೇ ಸರಿಯಾಗಿ ಕೂಡದೆ ಕಾಲಹರಣವಾಗುತ್ತಿತ್ತು. ತೀರ್ಪಾದರೂ ಅದನ್ನು ಜಾರಿಗೆ ತರಲು ಅಧಿಕಾರಸ್ಥರ ಕೃಪೆ ಬೇಕಾಗುತ್ತಿತ್ತು. ಹೀಗಾಗಿ ಹಣ ಬರಬೇಕಾದವನು ತಾನೇ ಕೈಮುಂದಾಗುತ್ತಿದ್ದನು. ಸಾಲಗಾರನ ಬೆನ್ನುಹತ್ತಿ ಪೀಡಿಸುವುದಕ್ಕೆ ತಗಾದೆ ಎಂದು ಹೆಸರು. ಅವನ ಬಾಗಿಲಲ್ಲಿ ಉಪವಾಸ ಕುಳಿತು ಅವನನ್ನೂ ಉಣಗೊಡದಿರುವುದಕ್ಕೆ ಧರಣಿ ಎಂದು ಹೆಸರು. ಈ ಎರಡು ಶಬ್ದಗಳು ಕನ್ನಡದಲ್ಲಿ ಇಂದಿಗೂ ಉಳಿದಿವೆ. ಸಂಧಾನವು ಸೋತಾಗ ಹೋಗಲು ಒಂದು ನ್ಯಾಯಸ್ಥಾನವಿಲ್ಲದಿದ್ದರೆ ಬಲವೇ ನ್ಯಾಯಸ್ಥಾನವಾಗುತ್ತದೆಂಬುದಕ್ಕೆ ಅವು ಭಾಷೆಯಲ್ಲಿ ನಿಂತ ದಾಖಲೆಗಳೆನ್ನಬಹುದು.

ಎಲ್ಫಿನ್‌ಸ್ಟನ್ನನು ಪಂಚಾಯಿತಿಯನ್ನು ಉಳಿಸಿ ತಿದ್ದಬೇಕೆಂದು ಬಯಸಿದನು. ಧಾರವಾಡದಲ್ಲಿ ಅಧಿಕಾರಿಯಾಗಿದ್ದು ಅನಂತರ ದಖ್ಖಣದ ಕಮಿಷನರನಾದ ಚಾಪ್ಲಿನ್ನನೂ ಅದೇ ಪ್ರಯತ್ನವನ್ನು ಮುಂದುವರಿಸಿದನು. ಬಳ್ಳಾರಿಯನ್ನೊಳಗೊಂಡ ಮದರಾಸು ಪ್ರಾಂತದಲ್ಲಿ ಥಾಮಸ್ ಮನ್ರೋನ ಪ್ರೇರಣೆಯಿಂದ ೧೮೧೬ರಲ್ಲಿಯೇ ಗ್ರಾಮ ಮುನಸೀಫರಿಗೂ ಗ್ರಾಮ ಪಂಚಾಯಿತಿಗಳಿಗೂ ಕಾನೂನಿನ ಮನ್ನಣೆ ದೊರೆತಿತ್ತು. ಆದರೆ ಪಕ್ಕದಲ್ಲಿ ಸರಕಾರಿ ನ್ಯಾಯಾಲಯವೊಂದು ನೆಲೆಗೊಂಡ ಮೇಲೆ ಜನರು ಪಂಚಾಯಿತಿಯ ಕಡೆಗೆ ಬರುವುದು ಕಡಿಮೆಯಾಯಿತು. ೧೮೨೭ರ ಎಲ್ಫಿನ್‌ಸ್ಟನ್ ಸಂಹಿತೆ, ೧೮೫೯ರ ದಿವಾಣಿ ವ್ಯವಹಾರ ಸಂಹಿತೆ, ಅದೇ ವರ್ಷದ ಕಾಲಮಿತಿ ಕಾಯಿದೆ ಇವುಗಳೊಂದಿಗೆ ನ್ಯಾಯಾಲಯದ ದಾರಿಯು ಪೂರ್ಣವಾಗಿ ತೆರೆಯಿತು. ಆದರೆ ನಡುವೆ ತಡೆದು ವಿಚಾರಿಸುವವರು ಯಾರೂ ಉಳಿಯಲಿಲ್ಲ.

೧೮೭೫ರ ದಂಗೆ

ಈ ಹೊಸ ದಾರಿಯು ಯಾರಿಗೆ ಅನುಕೂಲವಾಯಿತೆಂಬುದು ಬೇಗನೆ ತಿಳಿದುಬಂದಿತು. ನೋಂದಣಿಯಾಗದ ಸಾಲಪತ್ರದ ಮೇಲೆ ಮೂರು ವರ್ಷಗಳೊಳಗೆ ದಾವೆ ಹೂಡಬೇಕೆಂದು ಕಾಲಮಿತಿ ಕಾಯಿದೆ ವಿಧಿಸಿತು. ರೈತನ ಮೇಲೆ ಹಳೆಯ ಸಾಲದ ಹೊರೆ ಉಳಿಯದಿರಲೆಂಬುದು ಅದರ ಉದ್ದೇಶ. ಆದರೆ ಸಾವಕಾರನು ಮೂರು ವರ್ಷ ತುಂಬುವ ಮೊದಲೇ ಅಸಲಿಗೆ ಬಡ್ಡಿ ಸೇರಿಸಿ ಹೊಸ ಪತ್ರ ಬರೆಸಿಕೊಳ್ಳತೊಡಗಿದನು. ಬಡ್ಡಿಯು ಅಸಲನ್ನು ಮೀರಬಾರದೆಂಬ ದಾಮದುಪ್ಪಟ್ಟಿನ ಹಳೆಯ ಕಟ್ಟಳೆಯು ಹೀಗೆ ಹೊಸ ಪತ್ರಗಳ ಅಡಿಯಲ್ಲಿ ಹೂತುಹೋಯಿತು. ದೂರದ ಪಟ್ಟಣದ ನ್ಯಾಯಾಲಯದಿಂದ ಬಂದ ಸಮನ್ಸನ್ನು ಓದಲಾರದ ರೈತನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ, ಏಕಪಕ್ಷೀಯವಾಗಿ ಡಿಕ್ರಿಯಾಗುತ್ತಿತ್ತು. ಡಿಕ್ರಿಯ ಬಲದಿಂದ ಹೊಲ ಹೋಗುವುದು, ಕೆಲವೊಮ್ಮೆ ರೈತನೇ ಸೆರೆಮನೆಗೆ ಹೋಗುವುದು ನಡೆಯುತ್ತಿತ್ತು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ೧೮೬೧ರಿಂದ ೧೮೬೫ರವರೆಗೆ, ಏರಿದ್ದ ಹತ್ತಿಯ ಬೆಲೆಯು ಯುದ್ಧಾನಂತರ ಇಳಿಯಿತು. ಏರುಬೆಲೆಯ ದಿನಗಳಲ್ಲಿ ಸುಲಭವಾಗಿ ದೊರೆತ ಸಾಲವು ಇಳಿಬೆಲೆಯ ದಿನಗಳಲ್ಲಿ ಕೊರಳಿಗೆ ಸುತ್ತಿಕೊಂಡಿತು. ಕಂದಾಯದ ಏರಿಕೆಯೂ ಜೊತೆಗೂಡಿತು. ೧೮೭೫ರ ಮೇ ೧೨ರಂದು ಪುಣೆ ಜಿಲ್ಲೆಯ ಸೂಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಅಂಗಡಿ ಮನೆಗಳಿಗೆ ಮುತ್ತಿಗೆ ಹಾಕಿದರು. ಪುಣೆ ಮತ್ತು ಅಹಮದನಗರ ಜಿಲ್ಲೆಗಳ ಇತರ ಊರುಗಳಿಗೂ ದಂಗೆಯು ಹಬ್ಬಿತು. ಗಮನಿಸತಕ್ಕ ಅಂಶವೆಂದರೆ, ಜನರು ಮುಖ್ಯವಾಗಿ ಹುಡುಕಿದುದು ಸಾಲಪತ್ರಗಳನ್ನು, ಡಿಕ್ರಿಗಳನ್ನು, ಲೆಕ್ಕದ ಪುಸ್ತಕಗಳನ್ನು. ಅವು ಕೈಗೆ ಸಿಕ್ಕೆಡೆಯಲ್ಲಿ ಸುಟ್ಟು, ಸಿಕ್ಕೊಡನೆ ಬಹುಮಟ್ಟಿಗೆ ಶಾಂತರಾದರು. ಅವರ ಕೋಪವು ಮನುಷ್ಯನಿಗಿಂತ ಹೆಚ್ಚಾಗಿ ಕಾಗದದ ಮೇಲಿತ್ತು. ತಮ್ಮ ಮಾತನ್ನು ಒಮ್ಮೆಯೂ ಕೇಳದೆ ತಮ್ಮನ್ನು ಕಟ್ಟಿಹಾಕಿದ ಕಾಗದದ ಮೇಲಿತ್ತು.

ಸಂಧಾನಕಾರನ ಪ್ರಮಾಣಪತ್ರ

ಸರಕಾರವು ನೇಮಿಸಿದ ದಂಗೆ ವಿಚಾರಣಾ ಆಯೋಗದ ಶೋಧನೆಯ ಫಲವಾಗಿ ೧೮೭೯ರ ೧೭ನೆಯ ಕಾಯಿದೆಯು ಬಂದಿತು. ಪುಣೆ, ಸಾತಾರಾ, ಅಹಮದನಗರ, ಸೊಲ್ಲಾಪುರ ಎಂಬ ನಾಲ್ಕು ಜಿಲ್ಲೆಗಳಿಗೆ ಅದು ಮೊದಲು ಅನ್ವಯಿಸಿತು. ಸಿದ್ಧರಾಮೇಶ್ವರರ ಸೊನ್ನಲಿಗೆಯೇ ಸೊಲ್ಲಾಪುರವಾದುದರಿಂದಲೂ ಆ ಜಿಲ್ಲೆಯ ದಕ್ಷಿಣ ಭಾಗದಲ್ಲಿ ಕನ್ನಡ ಮಾತನಾಡುವ ಒಕ್ಕಲುಮಕ್ಕಳು ನೆಲಸಿದ್ದುದರಿಂದಲೂ ಈ ಕಾಯಿದೆಯು ಕನ್ನಡಿಗರಿಗೆ ದೂರದ ಸಂಗತಿಯಲ್ಲ. ಮುಂದೆ ಅದರ ಕೆಲವು ವಿಧಿಗಳು ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೂ ವಿಸ್ತರಿಸಿದವು.

ಪಂಚಾಯಿತಿಯ ಪದ್ಧತಿಯನ್ನು ಹೊಸ ರೂಪದಲ್ಲಿ ಮತ್ತೆ ತರಬೇಕೆಂಬ ಚರ್ಚೆಯು ಪುಣೆಯಲ್ಲಿ ಆ ಹೊತ್ತಿಗಾಗಲೇ ನಡೆದಿತ್ತು. ನ್ಯಾಯಾಧಿಕಾರಿಯಾಗಿದ್ದ ವಿಲಿಯಂ ವೆಡರ್‌ಬರ್ನ್ ಅವರು ಅದನ್ನು ಬಲವಾಗಿ ಪ್ರತಿಪಾದಿಸಿದರು. ಸಾರ್ವಜನಿಕ ಸಭೆಯ ಗಣೇಶ ವಾಸುದೇವ ಜೋಶಿಯವರು ೧೮೭೦ರ ದಶಕದಲ್ಲಿ ಲವಾದ ಕೋರ್ಟು ಎಂಬ ಪಂಚಾಯಿತಿ ನ್ಯಾಯಸಭೆಯನ್ನು ನಡೆಸಿದರು. ಇಂಥದೊಂದು ವಿಧಿಯು ಲೋಕಕ್ಕೆ ಹೊಸದೂ ಆಗಿರಲಿಲ್ಲ. ಫ್ರಾನ್ಸ್ ದೇಶವು ೧೭೯೦ರಲ್ಲಿಯೂ ಡೆನ್ಮಾರ್ಕ್ ದೇಶವು ೧೭೯೫ರಲ್ಲಿಯೂ ದಾವೆಗೆ ಮೊದಲು ಸಂಧಾನ ನಡೆಯಬೇಕೆಂದು ಕಾನೂನು ಮಾಡಿದ್ದವು.

೧೮೭೯ರ ಕಾಯಿದೆಯ ಏರ್ಪಾಡು ಹೀಗಿತ್ತು. ಸರಕಾರವು ಅಲ್ಲಲ್ಲಿ ಸಂಧಾನಕಾರರನ್ನು ನೇಮಿಸುವುದು. ರೈತನು ಪಕ್ಷಗಾರನಾದ, ಕಾಯಿದೆಯಲ್ಲಿ ಹೇಳಿದ ವ್ಯಾಜ್ಯಗಳಲ್ಲಿ ವಾದಿಯಾಗುವವನು ಮೊದಲು ಸಂಧಾನಕಾರನ ಬಳಿಗೆ ಹೋಗಿ ಅರ್ಜಿ ಕೊಡಬೇಕು. ಸಂಧಾನಕಾರನು ಎದುರು ಪಕ್ಷವನ್ನು ಕರೆಸಿ, ಇಬ್ಬರ ಮಾತನ್ನೂ ಕೇಳಿ, ಹೊಂದಾಣಿಕೆಗೆ ಯತ್ನಿಸಬೇಕು. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ರಾಜಿಯಾದರೆ ಅದನ್ನು ಬರೆದು, ಓದಿ ತಿಳಿಸಿ, ಸಹಿ ಪಡೆದು ನ್ಯಾಯಾಲಯಕ್ಕೆ ಕಳುಹಿಸಬೇಕು. ಒಂದು ತಿಂಗಳೊಳಗೆ ಯಾರೂ ತಕ್ಕ ಕಾರಣ ತೋರಿಸಿ ಆಕ್ಷೇಪಿಸದಿದ್ದರೆ ಆ ಕರಾರಿಗೆ ಡಿಕ್ರಿಯ ಬಲ ಬರುವುದು. ರಾಜಿಯಾಗದಿದ್ದರೆ, ಯತ್ನವು ವಿಫಲವಾಯಿತೆಂದು ಸಂಧಾನಕಾರನು ಪ್ರಮಾಣಪತ್ರ ಕೊಡಬೇಕು. ಅದಿಲ್ಲದೆ ಹೂಡಿದ ದಾವೆಯನ್ನು ನ್ಯಾಯಾಲಯವು ಸ್ವೀಕರಿಸುವಂತಿರಲಿಲ್ಲ. ಸಂಧಾನಕ್ಕೆ ಹಿಡಿದ ಕಾಲವನ್ನು ದಾವೆಯ ಕಾಲಮಿತಿಯಲ್ಲಿ ಎಣಿಸತಕ್ಕದ್ದಲ್ಲವೆಂದೂ ವಿಧಿಸಲಾಗಿತ್ತು.

ಈ ಕೊನೆಯ ಎರಡು ವಿಧಿಗಳು ಬಹಳ ವಿಚಾರಪೂರ್ವಕವಾದವು. ಸಂಧಾನ ಮುರಿದುದು ಅಪರಾಧವಲ್ಲ, ಅವಮಾನವೂ ಅಲ್ಲ, ಅದೊಂದು ಸಂಗತಿ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಮುಂದಿನ ಬಾಗಿಲು ತೆರೆಯುತ್ತದೆ. ಹಿರಿಯರ ಮುಂದೆ ಕಳೆದ ದಿನಗಳಿಂದ ಯಾರ ಹಕ್ಕೂ ಸವೆಯುವುದಿಲ್ಲ. ಮರಾಠರ ಪಂಚಾಯಿತಿಯಲ್ಲಿ ಇಲ್ಲದಿದ್ದ ದಾರಿಯೂ ೧೮೫೯ರ ಸಂಹಿತೆಯಲ್ಲಿ ಇಲ್ಲದಿದ್ದ ತಂಗುದಾಣವೂ ಇಲ್ಲಿ ಒಂದೆಡೆ ಸೇರಿದವು.

ದಾರಿಯ ಆ ತುದಿಯಲ್ಲಿದ್ದ ನ್ಯಾಯಾಲಯವನ್ನೂ ಈ ಕಾಯಿದೆಯು ತಿದ್ದಿತೆಂಬುದನ್ನು ಮರೆಯಬಾರದು. ದಾವೆಯನ್ನು ರೈತನು ವಾಸಿಸುವ ಕಡೆಯ ನ್ಯಾಯಾಲಯದಲ್ಲಿ ಹೂಡಬೇಕು. ನ್ಯಾಯಾಧೀಶನು ಪತ್ರದಲ್ಲಿ ಬರೆದುದನ್ನೇ ನಂಬದೆ ಸಾಲದ ಮೂಲವ್ಯವಹಾರದಿಂದ ಲೆಕ್ಕವನ್ನು ಕೆದಕಿ ನೋಡಬೇಕು. ಹಣದ ಡಿಕ್ರಿಗಾಗಿ ರೈತನನ್ನು ಸೆರೆಯಲ್ಲಿಡುವಂತಿಲ್ಲ. ವಿಶೇಷವಾಗಿ ಒತ್ತೆ ಇಡದ ಹೊಲವನ್ನು ಜಪ್ತಿ ಮಾಡುವಂತಿಲ್ಲ. ಸಾವಕಾರನು ಪಾವತಿಗೆ ರಸೀದಿ ಕೊಡಬೇಕು. ದಾವೆ ಹೂಡುವ ಅವಧಿಯನ್ನು ನೋಂದಾಯಿತ ಪತ್ರಕ್ಕೆ ೧೨ ವರ್ಷ, ಉಳಿದವಕ್ಕೆ ೬ ವರ್ಷವೆಂದು ಹೆಚ್ಚಿಸಲಾಯಿತು. ಈ ಕಾಯಿದೆಯ ಮೇಲ್ವಿಚಾರಣೆಗೆಂದೇ ವಿಶೇಷ ನ್ಯಾಯಾಧೀಶರ ಹುದ್ದೆಯೊಂದು ಏರ್ಪಟ್ಟಿತು. ಮಹಾದೇವ ಗೋವಿಂದ ರಾನಡೆಯವರು ೧೮೯೩ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಗುವ ಮೊದಲು ಆ ಹುದ್ದೆಯಲ್ಲಿದ್ದು ಊರೂರು ತಿರುಗಿ ಕೆಳಗಿನವರ ಕೆಲಸವನ್ನು ಪರಿಶೀಲಿಸಿದರು.

ಏರ್ಪಾಡು ಕೆಟ್ಟ ಬಗೆ

ಇಷ್ಟು ವಿವೇಕದಿಂದ ರಚಿತವಾದ ಏರ್ಪಾಡು ಎರಡು ಬಗೆಯಲ್ಲಿ ಕೆಟ್ಟಿತು. ಮೊದಲನೆಯದು, ಅದು ಬರಿಯ ಶಿಷ್ಟಾಚಾರವಾಯಿತು. ಸಂಧಾನಕಾರನಿಗೆ ಎದುರು ಪಕ್ಷವನ್ನು ಕರೆಯುವ ಅಧಿಕಾರವಿತ್ತೇ ಹೊರತು ಬರಲೇಬೇಕೆಂದು ಒತ್ತಾಯಿಸುವ ಅಧಿಕಾರವಿರಲಿಲ್ಲ. ಕರೆದರೆ ಬಾರದವರು ಅನೇಕರು. ಸಾವಕಾರನಿಗೂ ಬೇಕಾದುದು ರಾಜಿಯಲ್ಲ, ವಿಫಲವಾಯಿತೆಂಬ ಚೀಟಿ. ಅದನ್ನು ಪಡೆಯಲು ಕೆಲವು ದಿನ ಕಾದು ಅವನು ನ್ಯಾಯಾಲಯಕ್ಕೆ ನಡೆಯುತ್ತಿದ್ದನು.

ಎರಡನೆಯ ದೋಷವು ಇದಕ್ಕಿಂತ ಆಳವಾದುದು. ಸಂಧಾನವು ಮುರಿದರೆ ನ್ಯಾಯಾಲಯದಲ್ಲಿ ಸಾಲದ ಮೂಲದವರೆಗೂ ವಿಚಾರಣೆ ನಡೆಯುತ್ತಿತ್ತು. ಸಂಧಾನವು ಫಲಿಸಿದರೆ ಆ ವಿಚಾರಣೆಯೇ ಇರಲಿಲ್ಲ. ಸಂಧಾನಕಾರನ ಮುಂದೆ ರೈತನು ಹೆಬ್ಬೆಟ್ಟು ಒತ್ತಿದ ಕರಾರಿಗೆ ತಿಂಗಳು ತುಂಬಿದೊಡನೆ ಡಿಕ್ರಿಯ ಬಲ ಬರುತ್ತಿತ್ತು. ಆಕ್ಷೇಪಿಸಲು ತಿಂಗಳ ಅವಕಾಶವಿದ್ದರೂ ಓದುಬರಹವಿಲ್ಲದವನಿಗೆ ಅದು ಇದ್ದೂ ಇಲ್ಲದಂತೆ. ಬಿತ್ತನೆಯ ಬೀಜಕ್ಕೂ ಮನೆಯ ಕಾಳಿಗೂ ಮತ್ತೆ ಅದೇ ಸಾವಕಾರನ ಬಾಗಿಲಿಗೆ ಹೋಗಬೇಕಾದ ರೈತನು ಅವನ ಎದುರಿನಲ್ಲಿ ಒಲ್ಲೆನೆನ್ನುವುದು ಹೇಗೆ? ಆದುದರಿಂದ ಜಾಣರಾದ ಸಾವಕಾರರು ನ್ಯಾಯಾಲಯದ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವ ಕಿರುದಾರಿಯಾಗಿ ಸಂಧಾನವನ್ನೇ ಹಿಡಿದರು. ಬಲದಿಂದಲೂ ವಂಚನೆಯಿಂದಲೂ ಆದ ತೀರ್ಮಾನವನ್ನು ತಿರುಗಿ ನೋಡಬೇಕೆಂಬ ಸ್ಮೃತಿಯ ಎಚ್ಚರವು ಇಲ್ಲಿ ತಪ್ಪಿತು. ಮುರಿದ ಸಂಧಾನವೇ ರೈತನಿಗೆ ಲಾಭಕರವಾಗಿ, ಕೂಡಿದ ಸಂಧಾನವೇ ಹಾನಿಕರವಾದುದು ಈ ಕಾಯಿದೆಯ ಒಂದು ವೈಪರೀತ್ಯ. ೧೮೯೧-೯೨ರಲ್ಲಿ ಆಯೋಗವೊಂದು ಕಾಯಿದೆಯ ನಡೆಯನ್ನು ಪರಿಶೀಲಿಸಿತು. ಕಡ್ಡಾಯ ಸಂಧಾನದ ವಿಧಿಯು ೨೦ನೆಯ ಶತಮಾನದ ಎರಡನೆಯ ದಶಕದಲ್ಲಿ ಕಾಯಿದೆಯಿಂದ ಮರೆಯಾಯಿತು. ರೈತನನ್ನು ಕಾಯುವ ಉಳಿದ ವಿಧಿಗಳು ಮುಂದೆಯೂ ನಡೆದುಬಂದವು. ಮೈಸೂರು ಸಂಸ್ಥಾನವು ೧೯೨೮ರಲ್ಲಿ ತನ್ನ ರೈತರ ಪರಿಹಾರ ಕಾಯಿದೆಯನ್ನು ರಚಿಸುವಾಗ ಈ ಮಾದರಿಯನ್ನೇ ಅನುಸರಿಸಿತು.

ಸಂಧಾನದ ವಿಚಾರವು ಅಲ್ಲಿಗೇ ಮುಗಿಯಲಿಲ್ಲ. ೧೯೩೦ರ ಸುಮಾರಿನ ಬೆಲೆಕುಸಿತದಲ್ಲಿ ರೈತರ ಸಾಲವು ಮತ್ತೆ ಬೆಟ್ಟವಾದಾಗ ಮಧ್ಯಪ್ರಾಂತವು ೧೯೩೩ರಲ್ಲಿ, ಮದರಾಸು ೧೯೩೬ರಲ್ಲಿ, ಮೈಸೂರು ೧೯೩೭ರಲ್ಲಿ ಋಣ ಸಂಧಾನ ಕಾಯಿದೆಗಳನ್ನು ತಂದವು. ಮಧ್ಯಪ್ರಾಂತದ ಕಾಯಿದೆಯು ಹಳೆಯ ತಪ್ಪಿನಿಂದ ಒಂದು ಪಾಠ ಕಲಿತಂತೆ ತೋರುತ್ತದೆ. ಸಾಲಗಾರನು ನ್ಯಾಯವಾದ ಹೊಂದಾಣಿಕೆಗೆ ಸಿದ್ಧನಿದ್ದು, ಸಾಲ ಕೊಟ್ಟವನು ಸಕಾರಣವಿಲ್ಲದೆ ನಿರಾಕರಿಸಿದರೆ, ಮಂಡಳಿಯು ಸಾಲಗಾರನಿಗೆ ಆ ಬಗ್ಗೆ ಪ್ರಮಾಣಪತ್ರ ಕೊಡಬಹುದಾಗಿತ್ತು. ಅನಂತರ ನ್ಯಾಯಾಲಯಕ್ಕೆ ಹೋದವನಿಗೆ ದಾವೆಯ ಖರ್ಚು ದೊರೆಯುತ್ತಿರಲಿಲ್ಲ, ಬಡ್ಡಿಯೂ ಶೇಕಡ ೬ನ್ನು ಮೀರುವಂತಿರಲಿಲ್ಲ. ಬಾಗಿಲನ್ನು ಮುಚ್ಚಲಿಲ್ಲ, ಹಟದಿಂದ ಬಾಗಿಲು ತಟ್ಟಿದವನಿಂದ ಬೆಲೆ ತೆಗೆದುಕೊಂಡರು.

ಇಂದಿನ ಕಾನೂನು

ಸ್ವತಂತ್ರ ಭಾರತದಲ್ಲಿ ಇದೇ ಪ್ರಶ್ನೆಯು ಹೊಸ ಹೆಸರುಗಳಲ್ಲಿ ಮರಳಿ ಬಂದಿದೆ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು ಲೋಕ ಅದಾಲತ್ತಿನ ತೀರ್ಮಾನಕ್ಕೆ ಡಿಕ್ರಿಯ ಬಲವನ್ನು ಕೊಟ್ಟಿತು. ಅದರ ಮೇಲೆ ಮೇಲ್ಮನವಿಯಿಲ್ಲ. ರಾಜಿಯಾಗದಿದ್ದರೆ ನ್ಯಾಯಾಲಯದಿಂದ ಬಂದ ಮೊಕದ್ದಮೆಯು ಅಲ್ಲಿಗೇ ಹಿಂದಿರುಗಬೇಕು. ಲೋಕ ಅದಾಲತ್ತು ರಾಜಿ ಮಾಡಿಸಬಹುದೇ ಹೊರತು ತಾನೇ ತೀರ್ಪು ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೮ರಲ್ಲಿ ಜಲೌರ್ ಸಿಂಗ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ದಿವಾಣಿ ಸಂಹಿತೆಗೆ ಸೇರಿಸಲಾದ ೮೯ನೆಯ ಕಲಮು ೨೦೦೨ರ ಜುಲೈ ೧ರಿಂದ ಜಾರಿಗೆ ಬಂದು, ನಡೆಯುತ್ತಿರುವ ದಾವೆಯನ್ನು ಸಂಧಾನಕ್ಕೆ ಒಪ್ಪಿಸಲು ನ್ಯಾಯಾಧೀಶರಿಗೆ ದಾರಿ ಮಾಡಿಕೊಟ್ಟಿತು. ಬೆಂಗಳೂರಿನಲ್ಲಿ ೨೦೦೭ರಲ್ಲಿ ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು.

೧೮೭೯ರ ವಿಧಿಗೆ ಅತಿ ಸಮೀಪವಾದುದು ವಾಣಿಜ್ಯ ನ್ಯಾಯಾಲಯಗಳ ಕಾಯಿದೆಗೆ ೨೦೧೮ರಲ್ಲಿ ಸೇರಿದ ೧೨-ಎ ಕಲಮು. ತುರ್ತು ಪರಿಹಾರ ಬೇಡದ ವಾಣಿಜ್ಯ ದಾವೆಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಬೇಕೆಂದು ಅದು ವಿಧಿಸಿತು. ಆ ವಿಧಿಯು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೨ರ ಆಗಸ್ಟಿನಲ್ಲಿ ಪಾಟೀಲ್ ಆಟೋಮೇಷನ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಇಲ್ಲಿಯೂ ಮಧ್ಯಸ್ಥಿಕೆಯ ಕಾಲವು ಕಾಲಮಿತಿಗೆ ಸೇರುವುದಿಲ್ಲ. ಎದುರು ಪಕ್ಷವು ಬಾರದಿದ್ದರೆ ಯತ್ನವು ಆರಂಭವೇ ಆಗಲಿಲ್ಲವೆಂಬ ವರದಿ ದೊರೆಯುತ್ತದೆ. ಸಂಧಾನಕಾರನ ಹಳೆಯ ಚೀಟಿಯೇ ಹೊಸ ವೇಷದಲ್ಲಿ ಬಂದಿದೆ. ಎಲ್ಲ ದಿವಾಣಿ ವ್ಯಾಜ್ಯಗಳಿಗೂ ಇದನ್ನು ಕಡ್ಡಾಯ ಮಾಡುವ ಯೋಚನೆಯು ೨೦೨೧ರ ಮಧ್ಯಸ್ಥಿಕೆ ಮಸೂದೆಯಲ್ಲಿತ್ತು. ಸಂಸದೀಯ ಸ್ಥಾಯಿ ಸಮಿತಿಯು ಅದಕ್ಕೆ ಒಪ್ಪಲಿಲ್ಲ. ೨೦೨೩ರ ಮಧ್ಯಸ್ಥಿಕೆ ಕಾಯಿದೆಯು ದಾವೆಪೂರ್ವ ಮಧ್ಯಸ್ಥಿಕೆಯನ್ನು ಉಭಯಪಕ್ಷಗಳ ಇಚ್ಛೆಗೆ ಬಿಟ್ಟಿತು.

ಉಪಸಂಹಾರ

ಎಂಟುನೂರು ವರ್ಷಗಳಿಗೂ ಮಿಕ್ಕಿದ ಈ ಅವಧಿಯನ್ನು ಒಟ್ಟಾಗಿ ಅವಲೋಕಿಸಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಸಂಧಾನಕ್ಕೆ ನ್ಯಾಯಾಲಯವು ಶತ್ರುವಲ್ಲ, ಆಧಾರ. ಬೇಕಾದರೆ ಎದ್ದುಹೋಗಬಹುದೆಂಬ ಧೈರ್ಯವಿದ್ದವನು ಮಾತ್ರ ಕುಳಿತು ಸಮಾನನಾಗಿ ಮಾತನಾಡಬಲ್ಲನು. ಎದ್ದುಹೋಗಲು ಎಡೆಯಿಲ್ಲದವನ ಒಪ್ಪಿಗೆಯು ಶರಣಾಗತಿಯೇ ಹೊರತು ರಾಜಿಯಲ್ಲ. ಮರಾಠರ ಕಾಲದ ರೈತನಿಗೆ ಎದ್ದುಹೋಗಲು ನ್ಯಾಯಸ್ಥಾನವಿರಲಿಲ್ಲ. ೧೮೫೯ರ ರೈತನಿಗೆ ಕುಳಿತು ಮಾತನಾಡುವ ಎಡೆಯಿರಲಿಲ್ಲ. ೧೮೭೯ರ ರೈತನಿಗೆ ಎರಡೂ ಇದ್ದವು, ಆದರೆ ಅವನ ಒಪ್ಪಿಗೆಯನ್ನು ಪರೀಕ್ಷಿಸುವವರು ಇರಲಿಲ್ಲ.

ಆದುದರಿಂದ ಊರ ಹಿರಿಯರಾಗಲಿ, ಮಠದ ಸನ್ನಿಧಿಯಾಗಲಿ, ಅದಾಲತ್ತಾಗಲಿ, ವ್ಯಾಜ್ಯವನ್ನು ಕೈಗೆತ್ತಿಕೊಳ್ಳುವವರು ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು. ದುರ್ಬಲ ಪಕ್ಷವು ತಿಳಿದು ಒಪ್ಪಿತೇ, ಬೇರೆ ಗತಿಯಿಲ್ಲದೆ ಒಪ್ಪಿತೇ ಎಂಬುದನ್ನು ವಿಚಾರಿಸಬೇಕು. ಮಾತು ಕೂಡದಿದ್ದರೆ ತಡಮಾಡದೆ ಹಾಗೆಂದು ಬರೆದುಕೊಡಬೇಕು. ನ್ಯಾಯಾಲಯಕ್ಕೆ ಹೋದವನನ್ನು ಹಿರಿಯರ ಮಾತು ಮೀರಿದವನೆಂದು ಹಳಿಯಬಾರದು. ಸೂಪೆಯ ರೈತರು ಬೆಂಕಿಗೆ ಹಾಕಿದ ಕಾಗದಗಳು ಕಾನೂನಿನ ದೃಷ್ಟಿಯಿಂದ ಕ್ರಮಬದ್ಧವಾಗಿಯೇ ಇದ್ದವು. ಆ ಕಾಗದಗಳಲ್ಲಿ ಇಲ್ಲದಿದ್ದುದು ಬರೆದುಕೊಟ್ಟವನ ನಿಜವಾದ ಸಮ್ಮತಿಯೊಂದೇ.